ಮೆಟ್ಟಿಲು ಎತ್ತಿದರೆ ಆರುವ ದೀಪ

ಸೆಪ್ಟೆಂಬರ್ 8, ಸೋಮವಾರ

ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವ ಮೊದಲೇ ಶಾಂತರಾಜು ಬಂದು ನಿಂತಿದ್ದ. ಹೆಂಡತಿಯ ತಮ್ಮ ಅನ್ನುವ ಒಂದೇ ಕಾರಣಕ್ಕೆ ಒಳಗೆ ಬಿಟ್ಟೆ.

"ಭಾವ, ನೀವ್ ಆಕಿದ್ ಲೈಟು ಕೆಟ್ಟೋಗೈತೆ" ಅಂದ.

ನಾನು ಹಾಕಿದ ಲೈಟು ಕೆಡುವುದಿಲ್ಲ. ನಲವತ್ತಾರು ವರ್ಷದಿಂದ ಈ ಚನ್ನರಾಯಪಟ್ಟಣದಲ್ಲಿ ಲಾರಿಗಳಿಗೆ ವೈರ್ ಎಳೆದಿದ್ದೇನೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಓದಿದವರು ಕೈಬಿಟ್ಟ ಗಾಡಿಗಳನ್ನು ವೈರಿನಲ್ಲಿ ಕರೆಂಟು ಇದೆಯಾ ಅಂತ ತೋರಿಸುವ ಒಂದು ಟೆಸ್ಟ್ ಲೈಟ್ ಹಿಡಿದುಕೊಂಡು ಸರಿ ಮಾಡಿ ಕಳಿಸಿದ್ದೇನೆ. ಸ್ಪೇರ್ ಪಾರ್ಟ್ಸ್ ಅಂಗಡಿಯವರು ವರ್ಷವರ್ಷ ಕೊಡುವ ಈ ಡೈರಿಗಳೇ ಅದಕ್ಕೆ ಸಾಕ್ಷಿ. ದಿನಕ್ಕೆ ಮೂರು ಸಾಲು: ಗಾಡಿ, ದೋಷ, ಮಾಡಿದ ಕೆಲಸ. ಇವತ್ತು ಮೂರು ಸಾಲಿಗೆ ನಿಲ್ಲುತ್ತಿಲ್ಲ, ತಲೆ ಕಾದಿದೆ.

ಗಾಡಿ ಅಂದರೆ ಅವನು ತೆಂಗಿನಕಾಯಿ ಸಾಗಿಸುವ ಪಿಕಪ್ಪು. ಈಗ ಅದರ ಬೆನ್ನ ಮೇಲೆ ಒಂದು ರೂಮು ಕೂರಿಸಿದ್ದಾನೆ. ಕಬ್ಬಿಣದ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ಪ್ಲೈವುಡ್ಡು, ಎರಡು ಹಾಸಿಗೆ, ಒಂದು ಗ್ಯಾಸ್ ಒಲೆ. ಬೇಡವಾದಾಗ ಬೋಲ್ಟು ಬಿಚ್ಚಿ ಇಳಿಸಿಟ್ಟು ಮತ್ತೆ ಕಾಯಿ ತುಂಬಬಹುದು. ಅವನು ಅದನ್ನು ಕ್ಯಾಂಪರ್ ಅನ್ನುತ್ತಾನೆ, ನಾನು ಡಬ್ಬ ಅನ್ನುತ್ತೇನೆ. ಕಟ್ಟಿದವನು ಹಿರೀಸಾವೆಯ ವೆಲ್ಡರ್ ಸಿದ್ದೇಶ್ವರ. ಬಾಗಿಲ ಮೇಲೆ ಹೊರಗಡೆ ಒಂದು ದೀಪ ಹಾಕಿದ್ದು ಮಾತ್ರ ನಾನು. ಒಳಗಿನದು ಚಾರ್ಜ್ ಮಾಡುವ ದೀಪ, ಅದಕ್ಕೂ ನನಗೂ ಸಂಬಂಧವಿಲ್ಲ.

ಈ ಡಬ್ಬದಲ್ಲಿ ಕೂತು ವಿಜಯದಶಮಿಗೆ, ಬೌದ್ಧ ದೀಕ್ಷೆ ನಡೆದ ನಾಗಪುರದ ದೀಕ್ಷಾಭೂಮಿಗೆ ಹೋಗುತ್ತಾರಂತೆ. ಶಾಂತರಾಜು, ಅವನ ಹೆಂಡತಿ, ಎಂಬತ್ನಾಲ್ಕು ವರ್ಷದ ನಮ್ಮ ಅತ್ತೆ ಲಕ್ಷ್ಮಿದೇವಮ್ಮ. ಇಪ್ಪತ್ತೊಂಬತ್ತಕ್ಕೆ ಹೊರಡುವುದು. ದಾರಿಯಲ್ಲಿ ಎಲ್ಲಾದರೂ ನಿಲ್ಲಿಸಿಕೊಂಡು ಹೆಂಗಸರು ಒಳಗೆ, ಇವನು ಮುಂದಿನ ಸೀಟಿನಲ್ಲಿ ಮಲಗುವುದು. ಗೊತ್ತಿಲ್ಲದ ಊರು, ಬಾಗಿಲ ಮೇಲೆ ಬೆಳಕಿಲ್ಲದಿದ್ದರೆ ಹೆಂಗಸರು ಬರುವುದಿಲ್ಲವಂತೆ.

ಸರಿ, ನೋಡೋಣ ಅಂತ ಹೋದೆ. ಡಬ್ಬದ ಹೊಸ್ತಿಲಿಗೆ ಕೊಕ್ಕೆ ಸಿಕ್ಕಿಸಿ ಇಳಿಬಿಡುವ ಕಬ್ಬಿಣದ ಮೆಟ್ಟಿಲು ಇದೆ, ಅದು ಗಾಡಿಯ ಬಂಪರಿಗೆ ಆನಿಕೊಂಡು ನಿಲ್ಲುತ್ತದೆ. ನನ್ನ ಮಂಡಿಗೆ ಅದಿಲ್ಲದೆ ಹತ್ತಲಾಗದು. ಅದನ್ನು ಹಾಕಿಕೊಂಡು ಹತ್ತಿ ಸ್ವಿಚ್ ಒತ್ತಿದೆ. ಝಗ್ ಅಂತ ಉರಿಯಿತು.

"ಉರೀತಾ ಐತಲ್ಲ ಕಣ್ಲಾ. ಕಣ್ಣಿಲ್ವಾ ನಿಂಗೆ?"

"ರಾತ್ರಿ ಆರೋಗಿತ್ತು ಭಾವ."

"ನಿನ್ ಹೆಂಡ್ತಿ ಆರ್ಸಿರ್ತಾಳೆ. ಓಗ್ ಓಗು."

ದೋಷ: ಇಲ್ಲ. ಮಾಡಿದ ಕೆಲಸ: ಇಲ್ಲ.

ಸೆಪ್ಟೆಂಬರ್ 11, ಗುರುವಾರ

ಗೊರೂರಿನ ಹಿನ್ನೀರಿನ ದಡದಲ್ಲಿ ಒಂದು ರಾತ್ರಿ ತಂಗಿ ನೋಡಿದರಂತೆ. ಮತ್ತೆ ಆರಿತಂತೆ. ಈ ಸಲ ಹೆಂಡತಿಯನ್ನೂ ಕರೆದುಕೊಂಡು ಬಂದ.

ಆಕೆಯ ಮುಖ ನೋಡಿ ಮಾತಾಡದೆ ಎರಡು ವರ್ಷವಾಯಿತು. ನನ್ನ ಹೆಂಡತಿ ಮಾಯಮ್ಮ ತೀರಿಕೊಂಡ ಹನ್ನೊಂದನೇ ದಿನ, ನೆಂಟರೆಲ್ಲ ಊಟಕ್ಕೆ ಕೂತಿರುವಾಗ, ಸಾರಿನ ಬಕೆಟ್ ಕೈಯಲ್ಲಿ ಹಿಡಿದುಕೊಂಡು ಈಕೆ ಕೇಳಿದಳು: "ಅಕ್ಕನ್ನ ಒಂದೇ ಒಂದ್ಸಲ ನಾಗಪುರಕ್ಕೆ ಕರ್ಕಂಡೋಗ್ಬೋದಿತ್ತಲ್ಲ ಅಣ್ಣ?" ಐವತ್ತು ಜನರ ಮುಂದೆ.

ಈಕೆಗೇನು ಗೊತ್ತು? ವಿಜಯದಶಮಿಯ ಹಿಂದಿನ ದಿನ ಆಯುಧಪೂಜೆ. ಲಾರಿಯವರು ವರ್ಷವೆಲ್ಲ ಒಂದು ಕಣ್ಣಿನ ಹೆಡ್‌ಲೈಟಿನಲ್ಲಿ ಓಡಿಸಿ, ಪೂಜೆಯ ವಾರ ಎಲ್ಲ ದೀಪ ಸರಿಯಾಗಬೇಕು ಅಂತ ಬಂದು ಸಾಲು ನಿಲ್ಲುತ್ತಾರೆ. ಆ ವಾರ ಶೆಡ್ಡು ಬಿಟ್ಟು ಹೋಗುವುದು ಹೇಗೆ? ಮಾಯಮ್ಮ ಐದು ವರ್ಷ ಕೇಳಿದಳು. ಐದು ವರ್ಷವೂ ಶೆಡ್ಡಲ್ಲಿ ಕೆಲಸ ಇದೆ ಅಂದೆ. ಇತ್ತು. ಸುಳ್ಳಲ್ಲ.

ಈಕೆ ಇವತ್ತು ಹೇಳುತ್ತಾಳೆ: "ಅಣ್ಣ, ಮೆಟ್ಲು ಎತ್ತಿ ಒಳಿಕ್ಕೆ ಇಟ್ಕೊಂಡ್ರೆ ಲೈಟ್ ಆರೋಯ್ತದೆ. ಮೆಟ್ಲು ಆಕಿದ್ರೆ ಉರೀತದೆ. ನಾನು ಎರಡ್ಸಲ ನೋಡ್ದೆ."

ನಾನು ಶಾಂತರಾಜನ ಕಡೆ ತಿರುಗಿದೆ. "ಮೆಟ್ಲಲ್ಲಿ ಕರೆಂಟ್ ಉಟ್ತದಾ ಅಂತ ಕೇಳ್ಲಾ ಅವ್ಳ್ನ. ಅದೇನು ಡೈನಮೋನಾ?"

"ಇಲ್ಲೇ ಎತ್ತಿ ತೋರಿಸ್ತೀನಿ" ಅಂತ ಮೆಟ್ಟಿಲಿಗೆ ಕೈ ಹಾಕಲು ಹೋದಳು.

"ನನ್ ಶೆಡ್ಡಲ್ಲಿ ನನ್ ಬಿಟ್ಟು ಇನ್ನೊಬ್ರು ಗಾಡಿ ಮುಟ್ಟಂಗಿಲ್ಲ!" ಅಂತ ಕೂಗಿದೆ. ಎದುರಿನ ಪಂಚರ್ ಅಂಗಡಿಯವನು ಎದ್ದು ನೋಡಿದ. ಅದು ಈ ಶೆಡ್ಡಿನ ಕಾಯ್ದೆ, ಇವತ್ತಿನದಲ್ಲ.

ಫ್ಯೂಸ್ ಬದಲಾಯಿಸಿದೆ. ಉರಿಯಿತು. ಕಳಿಸಿದೆ.

ಸೆಪ್ಟೆಂಬರ್ 15, ಸೋಮವಾರ

ದೋಷ ನನ್ನದಲ್ಲ ಅಂದಮೇಲೆ ಡಬ್ಬ ಕಟ್ಟಿದವನದು. ಬಸ್ಸು ಹತ್ತಿ ಹಿರೀಸಾವೆಗೆ ಹೋದೆ. ಸಿದ್ದೇಶ್ವರ ವೆಲ್ಡಿಂಗ್ ಅಂಗಡಿಯ ಪಕ್ಕದ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ. ನಲವತ್ತು ದಾಟಿಲ್ಲ, ಆಗಲೇ ಹೊಟ್ಟೆ ಬಂದಿದೆ.

"ನಿನ್ ವೆಲ್ಡಿಂಗ್ ಸಂದಿಲಿ ನೀರು ಇಳ್ದು ನನ್ ವೈರು ಆಳಾಗ್ತಾ ಐತೆ" ಅಂದೆ.

"ಪಾಪಣ್ಣ, ನನ್ ಡಬ್ಬಕ್ಕೆ ಕೊಡ ನೀರು ಸುರೀರಿ, ಒಂದ್ ಅನಿ ಒಳಿಕ್ಕೋದ್ರೆ ಕೇಳಿ. ಗಾಡಿ ಕಬ್ಬಿಣಕ್ಕೂ ಡಬ್ಬದ್ ಕಬ್ಬಿಣಕ್ಕೂ ತಾಗ್ದಂಗೆ ಟಯರ್ ತುಂಡು ಆಕಿ ಕೂರ್ಸಿವ್ನಿ. ಬೋಲ್ಟಿಗೂ ರಬ್ಬರ್ ಬುಷ್ಷು. ನಾಗಪುರದವರ್ಗೂ ಓದ್ರೂ ಕಿರ್ ಅನ್ನಲ್ಲ."

"ರಬ್ಬರ್ ನೀನೇ ನೆಕ್ಕೋ. ನಾನ್ ಕೇಳಿದ್ದು ಲೈಟಿನ್ ಇಚಾರ."

"ಲೈಟು ಆಕಿದ್ದು ನೀವು. ವಯಸ್ಸಾಯ್ತು ಪಾಪಣ್ಣ, ಕಣ್ ಕಾಣ್ದಿದ್ರೆ ಬಿಟ್ಬುಡಿ, ಯಾರೂ ಏನೂ ಅನ್ಕಳಲ್ಲ."

ಹೋಟೆಲಿನಲ್ಲಿ ಇದ್ದವರೆಲ್ಲ ನಕ್ಕರು. ಆಗ ನನ್ನ ಬಾಯಿಂದ ಬಂತು: "ತಪ್ಪು ನನ್ ವೈರಿಂಗಿಂದು ಅಂತಾದ್ರೆ ಅವತ್ತೇ ಶೆಡ್ಡಿಗೆ ಬೀಗ ಆಕಿ ಕೀ ನಿನ್ ಕೈಗೆ ಕೊಡ್ತೀನಿ. ಇಷ್ಟೂ ಜನ ಸಾಕ್ಷಿ."

"ಕೊಡಿ, ನಾನ್ ಈಸ್ಕೋತೀನಿ" ಅಂದ ಬಡ್ಡೀಮಗ.

ಹೇಳಿದ್ದಕ್ಕೆ ಏನೂ ಪಶ್ಚಾತ್ತಾಪವಿಲ್ಲ. ತಪ್ಪು ನನ್ನದಾಗಿದ್ದರೆ ತಾನೆ.

ಸೆಪ್ಟೆಂಬರ್ 16

ಯಾರೂ ಬರಲಿಲ್ಲ. ಬರುವುದೂ ಬೇಡ.

ಸೆಪ್ಟೆಂಬರ್ 20, ಶನಿವಾರ

ಅರಕಲಗೂಡಿನ ನೆಂಟರ ಮನೆಗೆ ಡಬ್ಬದಲ್ಲಿ ಹೋಗಿದ್ದರು. ಆರಿದೆ. ನನಗೆ ಹೇಳದೆ ಕೇಳದೆ ಅಲ್ಲಿಂದ ನೇರ ಹಾಸನಕ್ಕೆ ಹೋಗಿ ಯಾವನೋ ಆಟೋ ಎಲೆಕ್ಟ್ರಿಷಿಯನ್‌ಗೆ ತೋರಿಸಿದ್ದಾರೆ. ಕಂಪ್ಯೂಟರ್ ಇಟ್ಟುಕೊಂಡಿರುವವನಂತೆ. ಅವನು ದೀಪವೇ ಸತ್ತಿದೆ ಅಂತ ಹೊಸದು ಹಾಕಿ, ಉರಿಸಿ ತೋರಿಸಿ ಕಳಿಸಿದ್ದಾನೆ. ಹೊಳೆನರಸೀಪುರದಲ್ಲಿ ರಾತ್ರಿ ನಿಲ್ಲಿಸಿ ಮಲಗುವ ಹೊತ್ತಿಗೆ ಅದೂ ಆರಿದೆ.

ಶಾಂತರಾಜು ನಾನು ಹಾಕಿದ್ದ ಹಳೇ ದೀಪವನ್ನು ನನ್ನ ಮೇಜಿನ ಮೇಲೆ ಕುಕ್ಕಿದ. ನಾನು ಬ್ಯಾಟರಿಗೆ ಕೊಟ್ಟು ನೋಡಿದೆ. ಕಣ್ಣು ಕೋರೈಸುವ ಹಾಗೆ ಉರಿಯಿತು. ಹಾಸನದವನಿಗೂ ಸಿಗಲಿಲ್ಲ ಅಂತ ಒಳಗೊಳಗೇ ಖುಷಿಯಾಯಿತು, ಇಲ್ಲ ಅಂತ ಯಾಕೆ ಬರೆಯಲಿ.

"ಆಗಲ್ಲ ಅಂದ್ರೆ ಆಗಲ್ಲ ಅನ್ನಿ ಭಾವ. ಬ್ಯಾಟ್ರಿ ಲಾಟೀನು ತಗಂಡೋಯ್ತೀನಿ. ಅವ್ವ ಬರಲ್ಲ ಅಂತಾವ್ಳೆ, ಅವಳ್ನ ಒಪ್ಸಕ್ಕೆ ನಂಗೆ ಸಾಕಾಗೈತೆ."

"ಗಾಡಿ ಇಲ್ಲಿ ಬುಟ್ಟು ಓಗು. ಕೀನೂ ಬುಟ್ಟು ಓಗು. ನೀನೂ ಓಗು."

ಸೆಪ್ಟೆಂಬರ್ 24, ಬುಧವಾರ

ನಾಲ್ಕು ದಿನದಲ್ಲಿ ಹೊಸ ಸ್ವಿಚ್ಚು, ಹೊಸ ಹೋಲ್ಡರ್, ಬ್ಯಾಟರಿಯಿಂದ ದೀಪದವರೆಗೆ ಹೊಸ ವೈರು. ಉರಿಯುತ್ತದೆ. ಬೆಳಿಗ್ಗೆ ಉರಿಯುತ್ತದೆ, ಸಂಜೆ ಉರಿಯುತ್ತದೆ. ಮೆಟ್ಟಿಲ ಮೇಲೆ ನಿಂತು ದೀಪವನ್ನು ಕೈಯಲ್ಲಿ ಅಲ್ಲಾಡಿಸಿದರೂ ಉರಿಯುತ್ತದೆ. ಕೆಡದ ಗಾಡಿಯನ್ನು ಸರಿ ಮಾಡುವುದು ಹೇಗೆ?

ಹೊರಗೆ ಆಯುಧಪೂಜೆಯ ಲಾರಿಗಳು ಬಂದು ನಿಂತಿವೆ. ಇಬ್ಬರನ್ನು ಬೈದು ಕಳಿಸಿದೆ.

ಮಧ್ಯಾಹ್ನ ಅತ್ತೆ ಆಟೋ ಮಾಡಿಕೊಂಡು ಬಂದು ಬೆಂಚಿನ ಮೇಲೆ ಕೂತರು. ಎಲೆಅಡಿಕೆ ಕುಟ್ಟಿಕೊಂಡು ಒಂದು ಗಂಟೆ ಸುಮ್ಮನೆ ನನ್ನನ್ನೇ ನೋಡಿದರು.

"ಏನತ್ತೆ, ಸಿನಿಮಾನಾ?"

"ನೀವು ಯಾವಾಗ ಮುಗಿಸ್ತೀರ ಅಂತ ನೋಡ್ತಾ ಇವ್ನಿ ಅಳಿಯಂದ್ರೇ. ನನ್ ಮಗ್ಳೂ ಇಂಗೇ ಕೂತ್ಕೊಂಡು ನೋಡ್ತಿದ್ಲೇನೋ."

ದೊಡ್ಡವರು ಅಂತ ಬಿಟ್ಟೆ. ಹೋಗುವಾಗ ಶಾಂತರಾಜನ ಹೆಂಡತಿ ನಾಗಲಕ್ಷ್ಮಿ ಕೊಟ್ಟಿದ್ದು ಅಂತ ಒಂದು ಡಬ್ಬಿ ಇಟ್ಟು ಹೋದರು. ಅವರೆಕಾಳು ಉಪ್ಸಾರು, ಮುದ್ದೆ. ವಾಪಸ್ ಕಳಿಸಬೇಕು ಅಂತಿದ್ದೆ, ಆಟೋ ಹೋಗಿಬಿಟ್ಟಿತ್ತು. ತಿಂದೆ. ಉಪ್ಪು ಕಡಿಮೆ.

ಸೆಪ್ಟೆಂಬರ್ 26, ಶುಕ್ರವಾರ

ಇವತ್ತೂ ಮೂರು ಸಾಲಿಗೆ ನಿಲ್ಲುವುದಿಲ್ಲ.

ಸಾಯಂಕಾಲದವರೆಗೂ ಆ ಮೆಟ್ಟಿಲ ಮೇಲೇ ಇದ್ದೆ. ಇಳಿಯುವಾಗ ಮಂಡಿ ಹೊರಳಿತು. ಕಣ್ಣಿಗೆ ಕತ್ತಲೆ ಬಂತು. ನೋವಿಗೋ ಸಿಟ್ಟಿಗೋ, ಒಳ್ಳೇ ಕಾಲಲ್ಲಿ ಮೆಟ್ಟಿಲನ್ನು ಜಾಡಿಸಿ ಒದ್ದೆ. ಕೊಕ್ಕೆ ಬಿಟ್ಟು ಢಣ್ ಅಂತ ನೆಲಕ್ಕೆ ಬಿತ್ತು.

ದೀಪ ಆರಿತು.

ಒದ್ದ ಅದುರಿಗೆ ಆರಿರಬೇಕು ಅಂದುಕೊಂಡು ಡಬ್ಬಕ್ಕೆ ಎರಡು ಗುದ್ದಿದೆ. ಇಲ್ಲ. ಮೆಟ್ಟಿಲನ್ನು ಎತ್ತಿ ಸಿಕ್ಕಿಸಿದೆ. ಉರಿಯಿತು. ತೆಗೆದೆ. ಆರಿತು. ಸಿಕ್ಕಿಸಿದೆ. ಹತ್ತು ಸಲ ಮಾಡಿರಬೇಕು, ಪಂಚರ್ ಅಂಗಡಿಯವನು "ಏನ್ ಪಾಪಣ್ಣ, ಆಟ ಆಡ್ತಾ ಇದೀರಾ?" ಅಂದ.

ಮೆಟ್ಟಿಲು ತೆಗೆದಿಟ್ಟು ಟೆಸ್ಟ್ ಲೈಟ್ ತಂದೆ. ಅದರ ಕ್ಲಿಪ್ಪನ್ನು ಗಾಡಿಯ ಕಬ್ಬಿಣಕ್ಕೆ ಹಾಕಿ ಸ್ವಿಚ್ಚಿನ ವೈರು ಮುಟ್ಟಿದೆ, ಉರಿಯಿತು. ಕ್ಲಿಪ್ಪನ್ನು ಡಬ್ಬದ ಕಬ್ಬಿಣಕ್ಕೆ ಹಾಕಿ ಅದೇ ವೈರು ಮುಟ್ಟಿದೆ. ಏನೂ ಇಲ್ಲ.

ಆಮೇಲೆ ನೆಲದ ಮೇಲೆ ಕೂತೆ.

ದೀಪಕ್ಕೆ ಹೋದ ಕರೆಂಟು ಬ್ಯಾಟರಿಗೆ ವಾಪಸ್ ಬರಬೇಕು. ಲಾರಿಗಳಲ್ಲಿ ಅದಕ್ಕೆ ಬೇರೆ ವೈರು ಎಳೆಯುವುದಿಲ್ಲ. ದೀಪದ ಕಪ್ಪು ವೈರನ್ನು ಬಾಡಿಗೆ ಒಂದು ಸ್ಕ್ರೂ ಹಾಕಿ ಕಟ್ಟಿದರೆ ಮುಗಿಯಿತು, ಗಾಡಿಯ ಕಬ್ಬಿಣವೇ ವಾಪಸ್ ದಾರಿ. ಅದನ್ನೇ ನಾವು ಬಾಡಿ ಅರ್ತು ಅನ್ನುವುದು. ಹದಿನಾರು ಹದಿನೇಳು ವರ್ಷಕ್ಕೆ ಕಲಿತದ್ದು, ನಿದ್ದೆಯಲ್ಲೂ ಕೈ ಮಾಡುತ್ತದೆ. ಡಬ್ಬದ ಕಬ್ಬಿಣ ಕಂಡೆ, ಸ್ಕ್ರೂ ಹಾಕಿದೆ. ಆ ಡಬ್ಬ ಟಯರ್ ತುಂಡಿನ ಮೇಲೆ ಕೂತಿದೆ, ಗಾಡಿಗೆ ಎಲ್ಲೂ ತಾಗಿಲ್ಲ ಅನ್ನುವುದು ಕಣ್ಣೆದುರೇ ಇತ್ತು. ಸಿದ್ದೇಶ್ವರ ಬಾಯಿ ಬಿಟ್ಟು ಹೇಳಿಯೂ ಹೇಳಿದ್ದ. ಡಬ್ಬವನ್ನೂ ಗಾಡಿಯನ್ನೂ ತಾಗಿಸುತ್ತಿದ್ದುದು ಆ ಮೆಟ್ಟಿಲೊಂದೇ. ಈ ಮಂಡಿಯ ದೆಸೆಯಿಂದ ನಾನು ನೋಡಿದಾಗಲೆಲ್ಲ ಮೆಟ್ಟಿಲು ಹಾಕಿಕೊಂಡೇ ನೋಡಿದ್ದೇನೆ. ಹಾಸನದ ಕಂಪ್ಯೂಟರಿನವನೂ ಹಾಕಿಕೊಂಡೇ ಹತ್ತಿರುತ್ತಾನೆ. ಇವರು ಮಲಗುವಾಗ ಮೆಟ್ಟಿಲು ಒಳಗೆ ಎಳೆದುಕೊಳ್ಳುತ್ತಾರೆ. ಬೆಳಕು ಬೇಕಾಗಿದ್ದು ಸರಿಯಾಗಿ ಅದೇ ಹೊತ್ತಿಗೆ.

ನಾಗಲಕ್ಷ್ಮಿ ಎರಡು ಸಲ ನೋಡಿ ಹೇಳಿದ್ದಳು.

ಡಬ್ಬದ ಚೌಕಟ್ಟಿನಿಂದ ಗಾಡಿಯ ಚಾಸಿಗೆ ಒಂದು ಮೊಳ ಕಪ್ಪು ವೈರು ಕಟ್ಟಿದೆ. ಹತ್ತು ನಿಮಿಷದ ಕೆಲಸ. ಅಡಿಯಲ್ಲಿ ಮಲಗಿ ನೋಡದಿದ್ದರೆ ಯಾರಿಗೂ ಕಾಣುವುದಿಲ್ಲ.

ದೋಷದ ಸಾಲು ಖಾಲಿ ಬಿಟ್ಟಿದ್ದೇನೆ.

ಸೆಪ್ಟೆಂಬರ್ 27, ಶನಿವಾರ

ಗಂಡ ಹೆಂಡತಿ ಬಂದರು.

"ಏನಾಗಿತ್ತು ಭಾವ?"

"ಸಿದ್ದೇಶ್ವರನ ಕೆಲ್ಸ. ವೆಲ್ಡಿಂಗ್ ಸಂದಿಲಿ ವೈರು ಸಿಕ್ಕಾಕೊಂಡು ಕಡ್ದೋಗಿತ್ತು."

ಅಷ್ಟು ಸಲೀಸಾಗಿ ಬಂತು. ಶಾಂತರಾಜು ಅಲ್ಲೇ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಸಿದ್ದೇಶ್ವರನಿಗೆ ಬಾಯಿಗೆ ಬಂದ ಹಾಗೆ ಬೈದ. ಅವನು ಎದುರು ಮಾತಾಡುತ್ತಾನೆ, ನಾನು ನಾಲ್ಕು ಸೇರಿಸುತ್ತೇನೆ ಅಂತ ಕಾದೆ. ಆದರೆ ಅವನು "ಅಂಗಾಗಿದ್ರೆ ತಪ್ಪಾಯ್ತು ಶಾಂತಣ್ಣ, ನಾಳೆ ನಾನೇ ಬಂದು ಆ ಜಾಗ ಬಿಚ್ಚಿ ಸರಿ ಮಾಡ್ಕೊಡ್ತೀನಿ. ಅಜ್ಜಿ ಮಲಗೋ ಡಬ್ಬ" ಅಂದ.

ನಾಗಲಕ್ಷ್ಮಿ ಮೆಟ್ಟಿಲ ಹತ್ತಿರ ಹೋಗಿ ನನ್ನ ಕಡೆ ನೋಡಿದಳು. ಮುಟ್ಟು ಅಂತ ತಲೆ ಆಡಿಸಿದೆ. ಎತ್ತಿದಳು. ದೀಪ ಉರಿಯುತ್ತಲೇ ಇತ್ತು. ದೀಪ ನೋಡಿದಳು, ಕೈಯಲ್ಲಿದ್ದ ಮೆಟ್ಟಿಲು ನೋಡಿದಳು, ನನ್ನನ್ನು ನೋಡಿದಳು. ಮೊನ್ನೆಯ ಊಟದ ಡಬ್ಬಿ ತೆಗೆದುಕೊಂಡು ಹೋದಳು.

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಗುಳಕ್ಕೆ ನನ್ನ ಹತ್ತಿರ ಉತ್ತರ ಇದೆ.

ಸೆಪ್ಟೆಂಬರ್ 28, ಭಾನುವಾರ

ಬೆಳಿಗ್ಗೆ ಸಿದ್ದೇಶ್ವರ ಗ್ರೈಂಡರ್ ಹೊತ್ತುಕೊಂಡು ಬಂದ. ಶಾಂತರಾಜು, ನಾಗಲಕ್ಷ್ಮಿ, ಅತ್ತೆ ಸಾಮಾನು ತುಂಬಿಸಲು ಬಂದಿದ್ದರು. ಸಿದ್ದೇಶ್ವರ ಮಂಡಿಯೂರಿ, ಬಾಗಿಲ ಪಕ್ಕದ ವೆಲ್ಡಿಂಗ್ ಮೇಲೆ ಬೆರಳು ಆಡಿಸಿದ. ಒಳ್ಳೇ ವೆಲ್ಡಿಂಗು. ಹಾವು ಮಲಗಿದ ಹಾಗೆ ಒಂದೇ ಸಮ. ಗ್ರೈಂಡರ್ ಚಾಲೂ ಮಾಡಿದ. ಕಿಡಿ ಹಾರುವುದೊಂದು ಬಾಕಿ.

ಪ್ಲಗ್ಗು ಕಿತ್ತೆ.

"ಏನ್ ಪಾಪಣ್ಣ ನಿಮ್ದು ಇನ್ನ?"

"ಕುಯ್ಬೇಡ ಕಣ್ಲಾ. ಅದು ಸರಿಯಾಗೈತೆ."

"ನೀವೇ ಅಲ್ವಾ ಅಂದಿದ್ದು?"

"ಸುಳ್ಳು ಅಂದೆ. ಗಾಡಿ ಅಡೀಕ್ ನೋಡು, ಕಪ್ಪು ವೈರು ಐತೆ. ಅರ್ತು ಡಬ್ಬಕ್ಕೆ ಕೊಟ್ಟಿದ್ದೆ. ನಿನ್ ರಬ್ಬರ್ ಮ್ಯಾಲೆ ಕೂತಿರೋ ಡಬ್ಬಕ್ಕೆ." ಆಮೇಲೆ ಸೇರಿಸಿದೆ, "ನಾಗಲಕ್ಷ್ಮಿ ಯೋಳಿದ್ದೇ ಸರಿ. ಮೆಟ್ಲೇ."

ಎರಡು ವರ್ಷದ ಮೇಲೆ ಆ ಹೆಸರನ್ನು ಅವಳ ಎದುರಿಗೆ ಹೇಳಿದ್ದು. ಅದು ಅಲ್ಲಿಗೆ.

ಸಿದ್ದೇಶ್ವರ ಅಡಿಯಲ್ಲಿ ಮಲಗಿ ನೋಡಿ, ಅಂಗಿ ಕೊಡವಿಕೊಂಡು ಎದ್ದ. ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ಅಂಗೈ ಚಾಚಿದ.

"ಕೀ ಕೊಡಿ."

ಶಾಂತರಾಜು "ಲೇ ಸಿದ್ದೇಶ, ವಯಸ್ಸಾದೋರು ಕಣಪ್ಪ, ಬಿಟ್ಬುಡು" ಅಂದ. ನನಗೆ ಮೈಯೆಲ್ಲ ಉರಿಯಿತು. "ನಿನ್ನ ಯಾರ್ಲಾ ಕೇಳಿದ್ರು?" ಅಂದು ಶೆಡ್ಡಿನ ಬಾಗಿಲು ಎಳೆದು, ಬೀಗ ಒತ್ತಿ, ಕೀಯನ್ನು ಅವನ ಅಂಗೈಗೆ ಹಾಕಿದೆ. ನಲವತ್ತಾರು ವರ್ಷ. ಲಾರಿಯವನೊಬ್ಬ "ಏನಣ್ಣ, ಬುಧವಾರ ಪೂಜೆ, ನನ್ ಹೆಡ್‌ಲೈಟು?" ಅಂದ. ನಾನು ಅವನ ಮುಖ ನೋಡಲಿಲ್ಲ.

ಬೆಂಚಿನ ಮೇಲಿಂದ ಅತ್ತೆ, ಎಲೆಅಡಿಕೆ ಉಗಿದು, ಬಾಯಿ ಒರೆಸಿಕೊಂಡು ಹೇಳಿದರು: "ಸರಿ ಆಯ್ತು. ಇನ್ ಶೆಡ್ಡಲ್ಲಿ ಕೆಲ್ಸ ಐತೆ ಅನ್ನಂಗಿಲ್ಲ. ನಾಳೆ ಬೆಳಗ್ಗೆ ಆರಕ್ಕೆ ಅಳಿಯಂದ್ರೇ. ತಡ ಮಾಡ್ಬ್ಯಾಡಿ."

ಯಾರೂ ನಗಲಿಲ್ಲ. ಐದು ವರ್ಷ ಹೇಳಿದ್ದ ಮಾತಿನ ಕೀ ಸಿದ್ದೇಶ್ವರನ ಜೇಬಿನಲ್ಲಿತ್ತು.

"ನಾಗಪುರದಿಂದ ಬನ್ನಿ ಪಾಪಣ್ಣ" ಅಂದ ಅವನು, ಗ್ರೈಂಡರಿನ ವೈರು ಸುತ್ತಿಕೊಳ್ಳುತ್ತಾ. "ಕೀ ಕೊಡೋದಾ ಬ್ಯಾಡ್ವಾ ಅಂತ ಆಮೇಲ್ ನೋಡಾನ."

ಗಾಡಿ: ಶಾಂತರಾಜನ ಪಿಕಪ್ಪು.
ದೋಷ: ಪಾಪಣ್ಣ.
ಮಾಡಿದ ಕೆಲಸ: ಒಂದು ಮೊಳ ಕಪ್ಪು ವೈರು.

ಸೆಪ್ಟೆಂಬರ್ 30, ಮಂಗಳವಾರ

ಹೈದರಾಬಾದು ದಾಟಿ ಒಂದು ಡಾಬಾದ ಪಕ್ಕ ನಿಲ್ಲಿಸಿದ್ದಾರೆ. ಈಗ ತಾನೆ ಕತ್ತಲಾಗಿದೆ. ಶಾಂತರಾಜು ಗೇರು ಹಾಕುವುದನ್ನು ಕೇಳಿದರೆ ಹಲ್ಲು ಕಿತ್ತ ಹಾಗಾಗುತ್ತದೆ. ದಾರಿಯುದ್ದಕ್ಕೂ ಹೇಳಿದೆ, ಅವನು ಎಫ್‌ಎಂ ಜೋರು ಮಾಡಿದ.

ದೂರದ ದಾರಿ, ಏನಾದರೂ ಆದರೆ ನೋಡಿಕೊಳ್ಳುವವರು ಇನ್ನೊಬ್ಬರು ಇರಲಿ ಅಂತ ನಾಗಲಕ್ಷ್ಮಿಗೆ ಟೆಸ್ಟ್ ಲೈಟ್ ಹಿಡಿಯುವುದು ತೋರಿಸಿದೆ. ಕ್ಲಿಪ್ಪು ಎಲ್ಲಿಗೆ, ಮೊನೆ ಎಲ್ಲಿಗೆ. ಒಂದೇ ಸಲಕ್ಕೆ ಹಿಡಿದಳು. "ಇಷ್ಟೇನಾ ಅಣ್ಣ?" ಅಂದಳು. ಇಷ್ಟೇ ಅಲ್ಲ, ಹೇಳಲು ಹೋಗಲಿಲ್ಲ.

ಟ್ರಂಕಿನಲ್ಲಿ ಒಂದು ಬಿಳಿ ಸೀರೆ ಇತ್ತು. ಮಾಯಮ್ಮ ನಾಗಪುರಕ್ಕೆ ಅಂತ ಕೇಳಿದ ಮೊದಲನೇ ವರ್ಷ ತಂದಿಟ್ಟುಕೊಂಡಿದ್ದು, ಮಡಿಕೆ ಬಿಚ್ಚಿಲ್ಲ. ಸುಮ್ಮನೆ ಜಾಗ ಹಿಡಿದಿತ್ತು. ನಾಡಿದ್ದು ದೀಕ್ಷಾಭೂಮಿಯಲ್ಲಿ ಎಲ್ಲರೂ ಬಿಳಿ ಉಡುತ್ತಾರಲ್ಲ ಅಂತ ತಂದು ನಾಗಲಕ್ಷ್ಮಿಯ ಹಾಸಿಗೆಯ ಮೇಲೆ ಇಟ್ಟಿದ್ದೆ. ಅದಕ್ಕೆ ಯಾಕೆ ಅಳಬೇಕು? ಹೆಂಗಸರದು ನನಗೆ ಅರ್ಥವಾಗುವುದಿಲ್ಲ.

ಅತ್ತೆ ಮಲಗಿದರು. ಮೆಟ್ಟಿಲು ಒಳಗೆ ಎಳೆದುಕೊಂಡರು. ನಾನು ಹೊರಗೆ ಚಾಪೆ ಹಾಸಿಕೊಂಡು ಕೂತಿದ್ದೇನೆ.

ನಾಗಲಕ್ಷ್ಮಿ ಒಳಗಿಂದ ಕೂಗಿದಳು: "ಅಣ್ಣ, ಲೈಟ್ ಆರಿಸ್ಲಾ? ಉಳ ಬತ್ತಾವೆ."

"ಬ್ಯಾಡ, ಇರ್ಲಿ. ಬರೀತಾ ಇವ್ನಿ."